ಕುದುರೆ ವರ್ಷದ ಸೀಸೆ

ಘ್ರಾಣಕಿರಣ ಯಂತ್ರದ ತೋಳು ಪಿಂಗಾಣಿ ಸೀಸೆಯ ಸುತ್ತ ನಿಧಾನವಾಗಿ ಒಂದು ಸುತ್ತು ಬಂತು. ತೆಳು ನೀಲಿ ಬೆಳಕು ಸೀಸೆಯ ಮೈಮೇಲೆ ಹರಿದು ಆರಿತು. ಕೊಂಚ ಹೊತ್ತಿನ ಬಳಿಕ ಯಂತ್ರ ಹೆಂಗಸಿನ ದನಿಯಲ್ಲಿ, ಎಳ್ಳಷ್ಟೂ ಉತ್ಸಾಹವಿಲ್ಲದೆ, “ಅಸಲಿ” ಎಂದಿತು.

ಸೀಸೆಯ ಒಡೆಯ ಯಂತ್ರಕ್ಕೇ ಕೈಮುಗಿದ. ಪರೀಕ್ಷಕ ಇಂದುಧರ ಆಕಳಿಸಿದ.

ಅವನನ್ನು ದೂರಿ ಪ್ರಯೋಜನವಿಲ್ಲ. ಬೆಂಗಳೂರಿನ ಹಲಸೂರಿನಲ್ಲಿದ್ದ ಆ ಪರೀಕ್ಷಾ ಮಳಿಗೆಯಲ್ಲಿ ಕೂತು ಕೂತೇ ಅವನ ತಲೆ ನೆರೆತಿತ್ತು. ದಿನವಿಡೀ ಬರುವುದು ಒಂದೇ ಸಾಮಾನು: ಚೀನಾದ ಸ್ಮರಣಾರ್ಥ ಮದ್ಯ. ಅಲ್ಲಿನ ಭಟ್ಟಿಗಳು ಹಿಂದೊಂದು ಕಾಲದಲ್ಲಿ ಹುಲಿ ವರ್ಷ, ಮೊಲದ ವರ್ಷ, ಕುದುರೆ ವರ್ಷ ಎಂದು ತಮ್ಮ ಪಂಚಾಂಗದ ಒಂದೊಂದು ವರ್ಷದ ನೆನಪಿಗೂ ಜೋಳದ ಮದ್ಯ ಇಳಿಸಿ, ಚಿತ್ರ ಬರೆದ ಪಿಂಗಾಣಿ ಸೀಸೆಗಳಲ್ಲಿ ತುಂಬಿ ಮಾರಿದ್ದವು. ಆಗ ಜನ ಅದನ್ನು ಕುಡಿಯುತ್ತಿದ್ದರಂತೆ! ಈಗ ಕುಡಿಯುವಂಥ ಹುಚ್ಚ ಎಲ್ಲಿದ್ದಾನೆ? ಒಂದು ಸೀಸೆ ಮಾರಿದರೆ ಒಂದು ಮನೆ ಬರುತ್ತದೆ. ಕೊಂಡವರು ಬೀಗ ಹಾಕಿ ಇಡುತ್ತಾರೆ, ಬೆಲೆ ಏರಿದಾಗ ಮಾರುತ್ತಾರೆ, ಅವರಿಂದ ಕೊಂಡವರು ಮತ್ತೆ ಬೀಗ ಹಾಕುತ್ತಾರೆ. ಕೈ ಬದಲಾದಾಗಲೆಲ್ಲ ಸೀಸೆ ಒಮ್ಮೆ ಇಂದುಧರನಂಥವರ ಮೇಜಿಗೆ ಬಂದುಹೋಗಬೇಕು.

ಯಂತ್ರ ಬರುವ ಮೊದಲು ಈ ಕಸುಬಿನಲ್ಲಿ ಒಂದಿಷ್ಟು ಸ್ವಾರಸ್ಯವಾದರೂ ಇತ್ತು. ಸೀಸೆಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗಿನದು ಎಷ್ಟು ಆವಿಯಾಗಿದೆ ಎಂದು ಸದ್ದಿನಲ್ಲೇ ಊಹಿಸಬೇಕು. ತೂಕ ಹಾಕಬೇಕು. ತಳದ ಹೊಳಪು, ಮುಚ್ಚಳದ ಮೇಲಿನ ಕೆಂಪು ಪಟ್ಟಿ, ಚೀಟಿಯ ಅಂಟು ಎಲ್ಲ ನೋಡಬೇಕು. ಅಷ್ಟೆಲ್ಲ ಮಾಡಿಯೂ ಮೋಸಹೋಗಬೇಕು. ಡಾ. ಕಾತ್ಯಾಯಿನಿ ಕಂಡುಹಿಡಿದ ಘ್ರಾಣಕಿರಣ ಆ ತಾಪತ್ರಯವನ್ನೆಲ್ಲ ಒಂದೇ ಏಟಿಗೆ ಗುಡಿಸಿಹಾಕಿತು. ತತ್ತ್ವ ಸರಳ. ಮದ್ಯ ಹಳತಾದಂತೆ ಅದರೊಳಗಿನ ಆಮ್ಲಗಳೂ ಆಲ್ಕೊಹಾಲೂ ಒಂದಕ್ಕೊಂದು ಕೂಡಿ ಪರಿಮಳದ ಕಣಗಳಾಗುತ್ತವೆ. ಇವಕ್ಕೆ ಕಾತ್ಯಾಯಿನಿಯವರು ‘ಕಂಪುಕಣ’ ಎಂದು ಹೆಸರಿಟ್ಟರು. ಕಿರಣವು ಪಿಂಗಾಣಿಯನ್ನು ದಾಟಿಹೋಗಿ ಕಂಪುಕಣಗಳನ್ನು ನಡುಗಿಸುತ್ತದೆ. ಆ ನಡುಕವನ್ನು ಅಳೆದರೆ ಮದ್ಯದ ವಯಸ್ಸು, ಭಟ್ಟಿ, ಅದು ಹುಟ್ಟಿದ ಊರು ಎಲ್ಲವೂ ಹೊರಬೀಳುತ್ತವೆ. ಮುಚ್ಚಳ ತೆಗೆಯುವ ಮಾತೇ ಇಲ್ಲ. ಇಂದುಧರನಿಗೆ ಉಳಿದದ್ದು ಗುಂಡಿ ಒತ್ತುವ ಕೆಲಸ, ಜನರ ಮುಖ ನೋಡುವ ಕೆಲಸ. ಎರಡನೆಯದೇ ಹೆಚ್ಚು ಸುಸ್ತು.

“ಏನ್ ಸಾರ್, ಕೂತಲ್ಲೇ ನಿದ್ದೆನಾ?” ಎನ್ನುತ್ತ ಮೇಯಮ್ಮ ಒಳಗೆ ಬಂದಳು.

ಆಕೆಯ ಪೂರ್ತಿ ಹೆಸರು ಲಿಯಾಂಗ್ ಮೇ ಯಿಂಗ್. ಮುತ್ತಾತನ ಕಾಲಕ್ಕೇ ಚೀನಾದಿಂದ ಬಂದು ಬೆಂಗಳೂರಿನಲ್ಲಿ ಬೇರುಬಿಟ್ಟ ಮನೆತನ. ಬ್ಯೂಟಿ ಪಾರ್ಲರ್ ನಡೆಸಿ ಅರ್ಧ ಹಲಸೂರಿನ ಮದುವಣಗಿತ್ತಿಯರನ್ನು ಸಿಂಗರಿಸಿದವಳಾದ್ದರಿಂದ ಬಡಾವಣೆಗೆಲ್ಲ ಮೇಯಮ್ಮ. ವರ್ಷಕ್ಕೊಮ್ಮೆ ಗಂಡನ ಸಮಾಧಿ ಗುಡಿಸಿ, ಹೂವಿಟ್ಟು, ಅಲ್ಲಿಂದ ನೇರ ಇಲ್ಲಿಗೆ ಬಂದು, ಆತ ಬಿಟ್ಟುಹೋದ ಕುದುರೆ ವರ್ಷದ ಸೀಸೆಯನ್ನು ಪರೀಕ್ಷೆ ಮಾಡಿಸುವುದು ಆಕೆಯ ರೂಢಿ. ಮಾರುವುದಕ್ಕಲ್ಲ, ಸುಮ್ಮನೆ ಕೇಳಿಸಿಕೊಳ್ಳುವುದಕ್ಕೆ.

ಅದಕ್ಕೆ ಕಾರಣವಿತ್ತು. ಗಂಡ ಅಶೆಂಗ್ ಮನೆತನದ ಅಂಗಡಿಯಲ್ಲಿದ್ದ ತನ್ನ ಪಾಲು ಮಾರಿ ಕೋಲ್ಕತ್ತಾದಿಂದ ಈ ಸೀಸೆ ತಂದಾಗ, ಅವನ ತಮ್ಮ ಅಕೋನ್ ಮನೆಮಂದಿಯ ಮುಂದೆಲ್ಲ, “ಇದು ನಕಲಿ. ದುಡ್ಡನ್ನ ಜೂಜಲ್ಲಿ ಕಳ್ಕೊಂಡು ಬಂದು ಕತೆ ಕಟ್ತಿದಾನೆ” ಎಂದುಬಿಟ್ಟಿದ್ದ. ಅಶೆಂಗ್ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಸತ್ತ. ಆಮೇಲೆ ಯಂತ್ರ ಬಂತು, “ಅಸಲಿ” ಎಂದಿತು, ಅಕೋನ್ ಬಾಯಿ ಮುಚ್ಚಿದ. ತಪ್ಪಾಯಿತು ಎಂದು ಮಾತ್ರ ಅನ್ನಲಿಲ್ಲ. ಅವನ ಬಾಯಿಂದ ಬರದ ಮಾತನ್ನು ಮೇಯಮ್ಮ ವರ್ಷವರ್ಷವೂ ಯಂತ್ರದ ಬಾಯಿಂದ ಕೇಳಿಸಿಕೊಂಡು ಹೋಗುತ್ತಿದ್ದಳು.

“ಈ ಸಲ ಸ್ವಲ್ಪ ಚೆನ್ನಾಗಿ ನೋಡಿ ಸಾರ್. ಭಾನುವಾರ ಮೊಮ್ಮಗಳ ಮದುವೆ. ಗಂಡಿನ ಸೋದರಮಾವ ಕೈಯಂತ್ರ ತರ್ತಾರಂತೆ.”

ಅದೊಂದು ಹೊಸ ಶಾಸ್ತ್ರ ಶುರುವಾಗಿತ್ತು. ಹೆಣ್ಣಿನ ಮನೆಯವರ ಸೀಸೆಯನ್ನು ಮೇಜಿನ ಮೇಲಿಟ್ಟು, ಎಲ್ಲರೆದುರು ಯಂತ್ರ ಹಿಡಿದು, ಅದು “ಅಸಲಿ” ಎಂದ ಕೂಡಲೇ ಚಪ್ಪಾಳೆ ತಟ್ಟಿ, ಮತ್ತೆ ಬೀಗ ಹಾಕುವುದು. ಅತಿಥಿಗಳಿಗೆ ಕಿತ್ತಳೆ ರಸ.

ಇಂದುಧರ ಸೀಸೆಯನ್ನಿಟ್ಟು ಗುಂಡಿ ಒತ್ತಿದ. ತೋಳು ತಿರುಗಿತು. ನೀಲಿ ಬೆಳಕು ಹರಿದು ಆರಿತು.

“ನಕಲಿ.”

ಇಂದುಧರನ ನಿದ್ದೆಯೆಲ್ಲ ಹಾರಿಹೋಯಿತು. ಮತ್ತೊಮ್ಮೆ ಒತ್ತಿದ. ಅದೇ ಉತ್ತರ. ಎಷ್ಟೋ ವರ್ಷಗಳಿಂದ ಮುಟ್ಟದೆ ಬಿಟ್ಟಿದ್ದ ತಕ್ಕಡಿ ತೆಗೆದು ಸೀಸೆ ತೂಗಿದ, ಕಿವಿಯ ಬಳಿ ಅಲ್ಲಾಡಿಸಿದ, ಮುಚ್ಚಳದ ಪಟ್ಟಿಯನ್ನು ಭೂತಗನ್ನಡಿಯಲ್ಲಿ ನೋಡಿದ. ಯಾರೂ ತೆರೆದಿಲ್ಲ, ಯಾರೂ ಬದಲಾಯಿಸಿಲ್ಲ. ಅದೇ ಸೀಸೆ.

ಮೇಯಮ್ಮನ ಮುಖ ಸಣ್ಣದಾಗಿತ್ತು. “ಅಕೋನ್ ಇನ್ನೂ ಇದಾನೆ ಸಾರ್,” ಎಂದಳು. “ಮದುವೇಲಿ ಮುಂದಿನ ಸಾಲಲ್ಲೇ ಕೂರ್ತಾನೆ.”

“ಒಂದಿನ ಟೈಮ್ ಕೊಡಿ ಅಮ್ಮ. ಇದರಲ್ಲಿ ಏನೋ ಎಡವಟ್ಟಾಗಿದೆ.”

ಆಕೆ ಹೋದ ಮೇಲೆ ಅವನು ಮೈಸೂರಿನಲ್ಲಿ ನಿವೃತ್ತರಾಗಿದ್ದ ಕಾತ್ಯಾಯಿನಿಯವರನ್ನೇ ತೆರೆಯ ಮೇಲೆ ಕರೆದ. ಅವರು ಹುರುಳಿಕಾಯಿ ಬಿಡಿಸುತ್ತ ಕೂತಿದ್ದರು.

“ಮೇಡಂ, ಕಿರಣದಿಂದ ಮದ್ಯಕ್ಕೇನೂ ಆಗಲ್ಲ ಅಂದಿದ್ರಿ.”

“ಆಗಲ್ಲಪ್ಪ. ನಡುಗೋವಾಗ ನೂರಕ್ಕೆ ಒಂದೋ ಎರಡೋ ಕಂಪುಕಣ ಒಡೆಯುತ್ತೆ, ಅಷ್ಟೆ. ಅದು ಲೆಕ್ಕಕ್ಕಿಲ್ಲ.”

“ಒಂದು ಸಲದ ಪರೀಕ್ಷೆಗಾ?”

“ಹೌದು. ಎರಡನೇ ಸಲ ಯಾಕೆ ಮಾಡಿಸ್ತಾರೆ? ಅಸಲಿ ಅಂತ ಒಂದ್ಸಲ ಗೊತ್ತಾದ್ಮೇಲೆ ಮುಗೀತಲ್ಲ!”

ಇಂದುಧರನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಣ್ಣಿಗೆ ಕಾಣದ ಕಣವನ್ನು ಎಣಿಸಿದ ಮಹಾತಾಯಿ, ಮನುಷ್ಯ ಒಮ್ಮೆ ಕೇಳಿದ್ದನ್ನು ನಂಬಿ ಸುಮ್ಮನಿರುತ್ತಾನೆಂದು ಅಂದುಕೊಂಡಿದ್ದರಲ್ಲ!

“ಮೇಡಂ, ಮಾರುವಾಗ ಮಾಡಿಸ್ತಾರೆ. ಕೊಂಡವರು ಮನೆಗೆ ಹೋಗಿ ಇನ್ನೊಮ್ಮೆ ಮಾಡಿಸ್ತಾರೆ. ಬೀಗರು ಬಂದ್ರೆ ಮಾಡಿಸ್ತಾರೆ. ಇಲ್ಲೊಬ್ಬರು ಅಮ್ಮ ಗಂಡನ ನೆನಪಿಗೆ ವರ್ಷವರ್ಷವೂ ಮಾಡಿಸಿದಾರೆ.”

ಕಾತ್ಯಾಯಿನಿಯವರ ಕೈ ಹುರುಳಿಕಾಯಿಯ ಮೇಲೆಯೇ ನಿಂತಿತು. “ಅಯ್ಯೋ ದೇವರೇ,” ಎಂದರು. “ಹಾಗಾದ್ರೆ ಜಾಸ್ತಿ ಬೆಲೆಯ ಸೀಸೆಗಳೇ ಮೊದಲು ಕೆಡೋದು. ಕಣ ಒಡೆದು ಒಡೆದು ಹಳೇ ಮದ್ಯ ಯಂತ್ರಕ್ಕೆ ಹೊಸದರ ಥರ ಕಾಣುತ್ತೆ. ಅದಕ್ಕೇ ನಕಲಿ ಅನ್ನುತ್ತೆ.”

“ಅಸಲಿ ಅಂತ ತೋರಿಸೋಕೆ ಬೇರೆ ದಾರಿ ಇಲ್ವಾ?”

“ಮುಚ್ಚಳದ ಒಳಗಿನ ಬಿರಡೆಗೆ ಕಿರಣ ತಲುಪಲ್ಲ. ಹಳೇ ಕಂಪು ಅಲ್ಲಿ ಹಾಗೇ ಕೂತಿರುತ್ತೆ. ಆದ್ರೆ ಸೀಸೆ ತೆಗೀಬೇಕು. ತೆಗೆದ ಸೀಸೆಗೆ ಮೂರು ಕಾಸಿನ ಬೆಲೆಯೂ ಇಲ್ಲ, ನಿನಗೇ ಗೊತ್ತಲ್ಲ.”

ಮರುದಿನ ಇಂದುಧರ ಏನನ್ನೂ ಮುಚ್ಚಿಡದೆ ಮೇಯಮ್ಮನಿಗೆ ಹೇಳಿದ. ಆಕೆ ಪೂರ್ತಿ ಕೇಳಿ, ಸೀಸೆಯ ಮೇಲಿನ ಕುದುರೆಯನ್ನು ಸೆರಗಿನಿಂದ ಒರೆಸಿದಳು.

“ಅಂದ್ರೆ ಕೆಡಿಸಿದ್ದು ನಾನೇನಾ?”

“ನೀವು ತಂದ್ರಿ, ನಾನು ಗುಂಡಿ ಒತ್ತಿದೆ. ಇಬ್ಬರೂ ಕೂಡಿಯೇ ಕೆಡಿಸಿದ್ದು. ಮದುವೆಗೆ ಬಂದು ಎಲ್ಲರ ಮುಂದೆ ಹೇಳ್ತೀನಿ ಅಮ್ಮ.”

“ಹಾಗಂದ್ರೆ ನಾಳೆಯಿಂದ ನಿಮ್ಮ ಅಂಗಡಿಗೆ ಯಾರ್ ಬರ್ತಾರೆ?”

“ಬರದಿದ್ರೆ ಮನೇಲಿ ಮಲಗ್ತೀನಿ. ಸಾಕಾಗಿದೆ.” ಅದು ಆಕೆಯನ್ನು ಸಮಾಧಾನಪಡಿಸಲು ಆಡಿದ ಮಾತಾಗಿರಲಿಲ್ಲ. ಅವನಿಗೆ ನಿಜವಾಗಿಯೂ ಸಾಕಾಗಿತ್ತು.

ಭಾನುವಾರ ಮದುವೆಯ ಹಾಲ್ ತುಂಬಿತ್ತು. ಸೋದರಮಾವ ಕೈಯಂತ್ರ ಹಿಡಿದು ಮೇಜಿನ ಬಳಿ ಬರುವಷ್ಟರಲ್ಲಿ ಇಂದುಧರ ಅಡ್ಡ ನಿಂತು, ಕಿರಣದ ಕತೆಯನ್ನೆಲ್ಲ ಹೇಳಿದ. ಹಾಲ್‌ನಲ್ಲಿ ಗುಸುಗುಸು ಎದ್ದಿತು. ಮನೆಯಲ್ಲಿ ಸೀಸೆ ಇದ್ದವರೆಲ್ಲ ತಾವು ಎಷ್ಟು ಸಲ ಪರೀಕ್ಷೆ ಮಾಡಿಸಿದ್ದೇವೆಂದು ಬೆರಳು ಮಡಿಸತೊಡಗಿದರು. ಸೋದರಮಾವನಂತೂ ಕೈಯಂತ್ರವನ್ನು ಸದ್ದಿಲ್ಲದೆ ಜೇಬಿಗಿಳಿಸಿದ.

“ಯಂತ್ರ ಅಸಲಿ ಅಂದಾಗ ಯಂತ್ರ ಸರಿ, ನಕಲಿ ಅಂದಾಗ ಯಂತ್ರ ತಪ್ಪು. ಚೆನ್ನಾಗಿದೆ,” ಎಂದ ಮುಂದಿನ ಸಾಲಿನಲ್ಲಿದ್ದ ಮುದುಕ ಅಕೋನ್.

ಮೇಯಮ್ಮ ಮೈದುನನತ್ತ ನೋಡಿದಳು. ಆಮೇಲೆ ಯಾರಾದರೂ ಬೇಡವೆನ್ನುವ ಮೊದಲೇ ಕೆಂಪು ಪಟ್ಟಿಯನ್ನು ಹರಿದು, ಮುಚ್ಚಳ ತಿರುಗಿಸಿ, ಬಿರಡೆ ಕಿತ್ತಳು. ನೆರೆದವರೆಲ್ಲ ಹೌಹಾರಿದರು. ಒಂದು ಮನೆ ಹೋಯಿತಲ್ಲ!

ಬಿರಡೆಯ ಕಂಪು ಮೆಲ್ಲನೆ ಮೇಜನ್ನು ದಾಟಿ ಬಂತು. ಹುಳಿಹಿಟ್ಟು, ಬೆಂದ ಜೋಳ, ಎಲ್ಲೋ ಮಾಗಿದ ಅನಾನಸು, ನೆನೆದ ಮಣ್ಣು. ಎಲ್ಲರೂ ಮೂಗು ಚಾಚಿ ಎಳೆದುಕೊಂಡರು.

“ಇದೇನಾ ಅಸಲಿ ವಾಸನೆ?” ಸೋದರಮಾವ ಇಂದುಧರನನ್ನು ಕೇಳಿದ.

ಎಲ್ಲರೂ ಇಂದುಧರನತ್ತ ತಿರುಗಿದರು. ಸಾವಿರಾರು ಸೀಸೆಗಳ ಹಣೆಬರಹ ಹೇಳಿದವನು ಒಂದರ ಮುಚ್ಚಳವನ್ನೂ ತೆಗೆದು ನೋಡಿದವನಲ್ಲ.

“ಗೊತ್ತಿಲ್ಲ,” ಎಂದ. “ನಾನು ಇವತ್ತೇ ಮೊದಲು ಮೂಸ್ತಿರೋದು. ನಿಮ್ಮಲ್ಲಿ ಯಾರಿಗಾದ್ರೂ ಗೊತ್ತಾ?”

ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಕೊಂಡವರು, ಮಾರಿದವರು, ಬೀಗ ಹಾಕಿದವರು. ಕುಡಿದವರು ಆ ಹಾಲ್‌ನಲ್ಲಿ ಒಬ್ಬರೂ ಇರಲಿಲ್ಲ. ಮೇಯಮ್ಮ ಬಿರಡೆ ಹಿಡಿದ ಕೈಯನ್ನು ಇಳಿಸಿದಳು. ಆಕೆಯ ಕಣ್ಣು ತುಂಬಿಬಂತು. ಇಂದುಧರನಿಗೆ ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಅಕೋನ್ ಕೋಲೂರಿಕೊಂಡು ಎದ್ದು ಬಂದ. ಅತ್ತಿಗೆಯ ಕೈಯಿಂದ ಬಿರಡೆ ತೆಗೆದುಕೊಂಡು ಮೂಗಿನ ಬಳಿ ಹಿಡಿದು ಬಹಳ ಹೊತ್ತು ನಿಂತ. ಬಳಿಕ ಸೀಸೆಯನ್ನು ಬಾಗಿಸಿ ಒಂದು ಸಣ್ಣ ಬಟ್ಟಲು ತುಂಬಿಸಿ ಕುಡಿದ.

“ಹಬ್ಬದ ದಿನ ಅಪ್ಪನ ಬಾಯಿಂದ ಬರ್ತಿದ್ದ ವಾಸನೆ ಇದು,” ಎಂದ. ಮನೆಯ ಚೀನೀ ಮಾತನ್ನು ಬಿಟ್ಟು, ಹಾಲ್‌ನಲ್ಲಿದ್ದವರಿಗೆಲ್ಲ ತಿಳಿಯಲೆಂದೇ ಕನ್ನಡದಲ್ಲಿ. “ಅಣ್ಣ ಸುಳ್ಳು ಹೇಳಿರ್ಲಿಲ್ಲ ಅತ್ತಿಗೆ. ನಾನೇ ಕೆಟ್ಟ ಮಾತಾಡಿದೆ. ತಪ್ಪಾಯ್ತು.”

ಇಂದುಧರ ಅವನ ಮುಖವನ್ನೇ ದಿಟ್ಟಿಸಿದ. ಅಪ್ಪನ ನೆನಪು ನಿಜವಾಗಿ ಬಂದಿತ್ತೋ, ಇಲ್ಲ ಅತ್ತಿಗೆಯ ಕಣ್ಣೀರು ನೋಡಲಾರದೆ ಮುದುಕ ಆ ಕ್ಷಣಕ್ಕೆ ಅಪ್ಪನ ಕತೆಯೊಂದನ್ನು ಕಟ್ಟಿದನೋ? ಇಷ್ಟು ವರ್ಷ ಅಸಲಿ ನಕಲಿ ನೋಡಿದ ಕಣ್ಣಿಗೆ ಅದೊಂದು ತಿಳಿಯಲಿಲ್ಲ. ತಿಳಿಯುವ ಆಸೆಯೂ ಅವನಿಗೆ ಆಗಲಿಲ್ಲ.

ಮೇಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಇನ್ನೊಂದ್ ಸಲ ಹೇಳಪ್ಪ,” ಎಂದಳು.

ಅಕೋನ್ ಇನ್ನೊಂದು ಸಲ ಹೇಳಿದ.