ಹುಣ್ಣಿಮೆ ಆರಿಸಿದವನು

"ತಾಡಪತ್ರಿ ಹೊಲಿಯೋರು ಯಾರೂ ಇಲ್ಲೇನ್ರಿ?"

ಗುರುಬಸವರಾಜ ನನಗೆ ಹೇಳಿದ ಮೊದಲ ಮಾತು ಇದು. ನಾನು ಆಗ ಹದಿನೆಂಟು ಅಡಿಯ ಟಾರ್ಪಾಲಿನ ತಾಡಪತ್ರಿಯನ್ನು ತೊಡೆಯ ಮೇಲೆ ಹರವಿಕೊಂಡು, ಬಾಯಲ್ಲಿ ದಾರ ಕಚ್ಚಿಕೊಂಡು ಮಿಷನ್ ತುಳಿಯುತ್ತಿದ್ದೆ. ದಾರ ತೆಗೆದು, "ನಾ ಏನು ಇಲ್ಲಿ ರೊಟ್ಟಿ ಬಡಿಯಾಕತ್ತೀನೇನ್ರಿ?" ಎಂದೆ.

ಅವನ ಕಿವಿ ಎರಡೂ ಕೆಂಪಗಾದವು. ಗಂಡಸಿನ ಕಿವಿ ಹಾಗೆ ಕೆಂಪಗಾಗುವುದನ್ನು ಅಷ್ಟು ಹತ್ತಿರದಿಂದ ನಾನು ಅದೇ ಮೊದಲು ನೋಡಿದ್ದು. ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ, ಬಹಳ ಚೆನ್ನಾಗಿತ್ತು.

ಅದು ಎರಡು ಸಾವಿರದ ಎರಡನೇ ಇಸವಿಯ ನವೆಂಬರ್. ಹರಪನಹಳ್ಳಿಗೆ ಮೆಕ್ಕೆಜೋಳ ಬಂದು ಬೀಳುವ ಕಾಲ. ರಾಶಿ ಮುಚ್ಚಲು ತಾಡಪತ್ರಿ ಬೇಕೆಂದು ಬಸ್‌ಸ್ಟ್ಯಾಂಡ್ ಹಿಂದಿನ ಹೈದರಸಾಬರ ಅಂಗಡಿಯ ಮುಂದೆ ಬೆಳಿಗ್ಗೆಯಿಂದಲೇ ಜನ. ಸಾಬರು ಕತ್ತರಿಸುತ್ತಿದ್ದರು, ನಾನು ಹೊಲಿಯುತ್ತಿದ್ದೆ. ಆ ಗದ್ದಲದಲ್ಲಿ ಈ ಮನುಷ್ಯ, ಕಾಲೇಜಿನ ಪಿ.ಟಿ. ಮೇಷ್ಟ್ರು, ನೋಟ್‌ಬುಕ್ ಹಿಡಿದು ಬಂದು ಆರು ಡೇರೆ ಬೇಕು ಎಂದ.

"ಡೇರಿ ಯಾತಕ್ಕ್ರಿ? ಊರಿಗೆ ಸರ್ಕಸ್ ಬರ್ತೈತೇನು?"

"ಸಮುದ್ರಕ್ಕ ಹೊಂಟೀವಿ. ನಮ್ಮ ಯುವಕ ಸಂಘದೋರು, ಹನ್ನೆರಡು ಮಂದಿ." ಅವನು ನೋಟ್‌ಬುಕ್ ತೆರೆದು ಪೆನ್ಸಿಲ್ಲಿನಲ್ಲಿ ಬಿಡಿಸಿದ ಚಿತ್ರ ತೋರಿಸಿದ. "ಗೋಕರ್ಣದ ಆಚಿ ಕಡಿ ಗುಡ್ಡ ಸೀದಾ ನೀರಿಗೆ ಇಳೀತೈತಿ. ರಸ್ತಿ ಇಲ್ಲ. ಬಂಡೆಗಲ್ಲಿನ ನಡುವ ಸಣ್ಣ ಸಣ್ಣ ಉಸುಕಿನ ದಂಡಿ ಅದಾವು. ಕಯಾಕ್ ಅಂತ, ಇಬ್ಬರು ಕುಂದ್ರೋ ಉದ್ದನ ದೋಣಿ. ಅದರಾಗ ದಂಡಿಯಿಂದ ದಂಡಿಗೆ ಹೋಗೋದು, ಅಲ್ಲೇ ಡೇರಿ ಹಾಕೋದು. ಎರಡು ರಾತ್ರಿ, ಮೂರು ಹಗಲು."

"ತಾಡಪತ್ರಿ ಭಾರ ಆಗ್ತೈತಿ. ದಾವಣಗೆರೆಯಿಂದ ನೈಲಾನ್ ಬಟ್ಟಿ ತರ್ರಿ, ಹೊಲದು ಕೊಡ್ತೀನಿ. ಅಳತಿ ಬರ್ಕೊಡ್ರಿ."

ಅವನು ಒಂದು ಚೀಟಿಯಲ್ಲಿ ಅಳತೆ ಬರೆದುಕೊಟ್ಟ. ಹಾಗೆಯೇ ಹೊಲಿದೆ. ವಾರದ ನಂತರ ಮೊದಲ ಡೇರೆಯನ್ನು ಅಂಗಡಿ ಮುಂದೆ ನಿಲ್ಲಿಸಿ ಅವನು ಒಳಗೆ ಮಲಗಿ ನೋಡಿದರೆ, ಮೊಣಕಾಲಿನಿಂದ ಕೆಳಗೆ ಎಲ್ಲಾ ಹೊರಗೆ. ಬೀದಿಯವರು ನಕ್ಕರು. ಎತ್ತರದ ಅಳತೆಯನ್ನು ಉದ್ದಕ್ಕೆ ಬರೆದಿದ್ದ ಪುಣ್ಯಾತ್ಮ.

"ಯಾರಪ್ಪಾ ಅಳತಿ ಕೊಟ್ಟಿದ್ದು?" ಹೈದರಸಾಬರು ಕೇಳಿದರು.

ಅವನು ನನ್ನ ಕಡೆ ನೋಡಿದ. ಆಮೇಲೆ, "ಬರ್ಕಳಾಗ ಹೆಚ್ಚುಕಮ್ಮಿ ಆಗಿರ್ಬೇಕು ಬಿಡ್ರಿ," ಎಂದ.

ಅವನ ಕೈಬರಹದ ಚೀಟಿ ನನ್ನ ಸೂಜಿ ಡಬ್ಬಿಯಲ್ಲೇ ಇತ್ತು. ನಾನು ತೆಗೆಯಲಿಲ್ಲ. ಯಾಕೆಂದರೆ ಸಾಬರು ಒಳಗೆ ಹೋದ ಕೂಡಲೇ ಅವನು ಮೇಜಿನ ಮೇಲಿದ್ದ ಹಿತ್ತಾಳೆ ಉಂಗುರ ಎತ್ತಿಕೊಂಡ. ತಾಡಪತ್ರಿಗೆ ಹಗ್ಗ ತೂರಿಸಲು ಹೊಡೆಯುತ್ತೇವಲ್ಲ, ಆ ಉಂಗುರ. ಅದನ್ನು ಕಣ್ಣಿಗೆ ಹಿಡಿದು, ಅದರ ತೂತಿನಿಂದ ನನ್ನನ್ನು ನೋಡಿದ. ಮೊದಲು ಹಣೆ, ಆಮೇಲೆ ಮೂಗುತಿ. ತುಟಿಯ ಹತ್ತಿರ ಬಂದಾಗ ಉಂಗುರ ನಿಂತೇಬಿಟ್ಟಿತು. ಆ ನೋಟಕ್ಕೆ ಸೋತು ಇಡೀ ದಿನದ ಹೊಲಿಗೆ ಬಿಚ್ಚಿ ಮತ್ತೆ ಹೊಲಿದೆ. ಅವನ ಗುಣ ನನಗೆ ಅವತ್ತೇ ಗೊತ್ತಾಗಬೇಕಿತ್ತು. ಗೊತ್ತಾಗಿದ್ದು ಅವನ ಕಣ್ಣು ಕಂದು ಬಣ್ಣದ್ದು ಎನ್ನುವುದಷ್ಟೇ.

ಭಾನುವಾರ ಭಾನುವಾರ ಹುಡುಗರ ತಂಡ ಮೈಲಾರದ ಹತ್ತಿರ ತುಂಗಭದ್ರೆಯಲ್ಲಿ ತಾಲೀಮು ಮಾಡುತ್ತಿತ್ತು. ಎಲ್ಲಿಂದಲೋ ಎರವಲು ತಂದ ಹಳೆಯ ಕಯಾಕ್ ಒಂದಿತ್ತು. ಹೈದರಸಾಬರ ಮಗಳು ಶಬ್ನಮ್ ಕಾಲೇಜಿನಲ್ಲಿ ಓದುತ್ತಿದ್ದವಳು, ಅವಳಿಗೂ ಹೋಗುವ ಆಸೆ. ಅವಳ ಜೊತೆಗೆಂದು ನಾನು ಹೋದೆ. ಹೋಗದೆ ಇರುತ್ತೇನೆಯೇ? ಆ ಹೊಳೆಯ ದಂಡೆಯಲ್ಲೇ ಬೆಳೆದವಳು ನಾನು. ನಮ್ಮಜ್ಜ ಜೋಗಪ್ಪ ಅಲ್ಲಿ ನಲವತ್ತು ವರ್ಷ ಹರಿಗೋಲು ಹಾಕಿದವನು.

ಗುರು ದೋಣಿ ನಡೆಸುವ ಹತ್ತು ದಿನದ ಶಿಬಿರದಲ್ಲಿ ಕಲಿತದ್ದನ್ನೆಲ್ಲಾ ಗಂಟಲು ಹರಿಯುವಂತೆ ಹೇಳಿಕೊಡುತ್ತಿದ್ದ. ಕಯಾಕ್ ಮಾತ್ರ ನಡುನೀರಿನಲ್ಲಿ ಗಿರಗಿರ ತಿರುಗುತ್ತಿತ್ತು.

"ಸರ್, ನೀರನ್ನ ಬೈಬ್ಯಾಡ್ರಿ, ಕೇಳಂಗಿಲ್ಲ ಅದು," ಎಂದು ದಂಡೆಯಿಂದ ಕೂಗಿದೆ.

"ಬಾ ಹಂಗಾರ, ನೀನೇ ತೋರ್ಸು!"

ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವನ ಮುಂದಿನ ಸೀಟಿನಲ್ಲಿ ಕೂತೆ. ಎರಡು ಕಡೆಯೂ ಹಲಗೆ ಇರುವ ಹುಟ್ಟು ನನಗೆ ಹೊಸದು, ಆದರೆ ನೀರು ಹಳೆಯದು. ಆಚೆ ದಂಡೆಗೆ ಸೀದಾ ಹೋಗಿ ಬಂದೆವು. ದಂಡೆಗೆ ಬಂದಾಗ ಅವನು ಇಳಿಯಲೇ ಇಲ್ಲ.

"ಯಾಕ್ರಿ ಸರ್, ಅಂಟ್ಕಂಡ್ರೇನು?"

"ನೀನೂ ಬರ್ಬೇಕು ರೋಜಾ. ನೀನಿಲ್ದ ಸಮುದ್ರಕ್ಕ ಹೋಗಿ ನಾ ಏನ್ ನೋಡ್ಲಿ?"

ನನ್ನ ಬೆನ್ನು ಅವನ ಕಡೆಗಿತ್ತು, ಮುಖ ಕಾಣದಿದ್ದುದು ಒಳ್ಳೆಯದಾಯಿತು. ಅಂದು ಅವನ ನೋಟ್‌ಬುಕ್ಕಿನಲ್ಲಿ ನನ್ನ ಹೆಸರು ಬಿತ್ತು. ಇಪ್ಪತ್ನಾಲ್ಕು ವರ್ಷದಲ್ಲಿ ರೇಷನ್ ಕಾರ್ಡ್ ಬಿಟ್ಟರೆ ಬೇರೆ ಯಾವ ಪಟ್ಟಿಯಲ್ಲೂ ನನ್ನ ಹೆಸರು ಇದ್ದದ್ದು ನನಗೆ ನೆನಪಿಲ್ಲ.

ದಿನ ಗೊತ್ತುಮಾಡಿದ್ದೂ ಅದೇ ದಂಡೆಯಲ್ಲಿ. ಉಳಿದವರು ಮಂಡಕ್ಕಿ ತಿನ್ನುತ್ತಿದ್ದರು. ಅವನು ನನ್ನ ಪಕ್ಕ ಕೂತು ಕ್ಯಾಲೆಂಡರ್ ಬಿಚ್ಚಿದ.

"ಹೊಸ್ತಿಲ ಹುಣ್ಣಿಮಿ ದಿನ ಹೋಗೋಣ."

"ಹುಣ್ಣಿಮಿ ಬ್ಯಾಡ್ರಿ. ನಮ್ಮಜ್ಜ ಹುಣ್ಣಿಮಿ ದಿನ ಹರಗೋಲ ನೀರಿಗೆ ಇಳಿಸ್ತಿದ್ದಿಲ್ಲ. ದಂಡಿ ಮ್ಯಾಲೆ ಬೋರಲು ಹಾಕಿ, ಅರಿಶಿಣ ಹಚ್ಚಿ, ಇವತ್ತು ಗಂಗಮ್ಮ ಒಬ್ಬಾಕಿನೇ ಇರ್ಲಿ ಅಂತಿದ್ದ."

"ಬೆಳದಿಂಗಳು, ಸಮುದ್ರ, ಡೇರಿ ಮುಂದ ನೀನು." ಅವನು ಧ್ವನಿ ಇಳಿಸಿದ. "ಅವತ್ತು ನಿನಗೊಂದು ಮಾತು ಹೇಳೋದೈತಿ. ಕತ್ಲಾಗ ಹೇಳಿದ್ರ ನಿನ್ ಮುಖ ಹೆಂಗ್ ನೋಡ್ಲಿ?"

ನಮ್ಮಜ್ಜ ಸೋತ, ಅವನು ಗೆದ್ದ. ಹುಣ್ಣಿಮೆಯೇ ಆಗಲಿ ಎಂದೆ.

ಹುಡುಗಿಯರಿಗೆ ಮನೆಯ ಹಿರಿಯರ ಒಪ್ಪಿಗೆ ಪತ್ರ ಬೇಕಿತ್ತು. ನಮ್ಮವ್ವ ಸುಂಕಮ್ಮನನ್ನು ಒಪ್ಪಿಸಲು ಎಂಟು ದಿನ ಹಿಡಿಯಿತು. ಕೊನೆಗೆ, "ನಿಮ್ಮಜ್ಜಗ ಸಮುದ್ರ ನೋಡೋದು ಆಗ್ಲಿಲ್ಲ, ನೀನರ ನೋಡಿ ಬಾ," ಎಂದು ಹೆಬ್ಬೆಟ್ಟು ಒತ್ತಿದಳು. ಹೈದರಸಾಬರು, "ರೋಜಾ ಜೋಡಿ ಇದ್ರ ನಮ್ ಶಬ್ನಮ್ ಹೋಗ್ಲಿ," ಎಂದರು. ಆರನೇ ಡೇರೆ ನಮ್ಮಿಬ್ಬರದು. ಅದರ ಮೂಲೆಯಲ್ಲಿ ಕೆಂಪು ದಾರದಿಂದ ಒಂದು ಸಣ್ಣ ದೋಣಿ ಹೊಲಿದೆ. ಅಷ್ಟು ಖುಷಿಯಿಂದ ನಾನು ಬೇರೆ ಏನನ್ನೂ ಹೊಲಿದಿಲ್ಲ.

ಹೊರಡಲು ಐದು ದಿನ ಇದೆ ಎನ್ನುವಾಗ ಗುರು ಎಸ್.ಟಿ.ಡಿ. ಬೂತಿನಿಂದ ಕಯಾಕ್ ಬಾಡಿಗೆಗೆ ಕೊಡುವ ಕರಾವಳಿಯ ಬೋಟಿನವರಿಗೆ ಫೋನ್ ಮಾಡಿ ದಿನ ಹೇಳಿದ. ಅತ್ತ ಕಡೆಯವರು ಬೈದರಂತೆ. ಹುಣ್ಣಿಮೆ ದಿನ ಸಮುದ್ರದ ನೀರು ಉಳಿದ ದಿನಕ್ಕಿಂತ ಬಹಳ ಮೇಲೇರುತ್ತದೆ, ನೀವು ಡೇರೆ ಹಾಕುವ ದಂಡೆಯೇ ಮುಳುಗುತ್ತದೆ, ಮಲಗಿದವರು ಮಲಗಿದಲ್ಲೇ ಹೋಗುತ್ತೀರಿ ಎಂದರಂತೆ. ನಮ್ಮ ಹೊಳೆ ಚಂದ್ರನನ್ನು ಕೇಳಿ ಏರುವುದಿಲ್ಲ, ಡ್ಯಾಮಿನವರನ್ನು ಕೇಳಿ ಏರುತ್ತದೆ. ನಮ್ಮ ಕಡೆಯ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಅವರೇ ಎಂಟು ದಿನ ಮುಂದಕ್ಕೆ ಹಾಕಿ, ಕ್ರಿಸ್‌ಮಸ್ ರಜೆಯಲ್ಲಿ ಬನ್ನಿ ಎಂದರು.

ಸಂಘದ ಮೀಟಿಂಗ್ ಆಯಿತು. ಕೊನೆಯ ಡೇರೆಗೆ ಉಂಗುರ ಹೊಡೆಯುವುದಿತ್ತೆಂದು ನಾನು ಹೋಗಲಿಲ್ಲ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಅವನು ಅಂಗಡಿಗೆ ಬಂದ. ಸಾಬರು ನಮಾಜಿಗೆ ಹೋಗಿದ್ದರು. ಹೊಸ ಶರ್ಟು, ಕಿವಿ ಮತ್ತೆ ಕೆಂಪು.

"ಹುಣ್ಣಿಮಿ ತಪ್ಪಿತು. ಅದಕ್ಕ ಇಲ್ಲೇ ಹೇಳ್ತೀನಿ," ಎಂದ. "ನಾ ನಿನ್ನ ಮದ್ವಿ ಆಗ್ತೀನಿ ರೋಜಾ. ಅವ್ವಗ ಹೇಳೀನಿ. ಒಪ್ಯಾಳ."

ಮಿಷನ್ನಿನ ಮೇಲಿದ್ದ ನನ್ನ ಕಾಲು ತಾನಾಗಿಯೇ ನಿಂತಿತು. ಈ ಮಾತಿಗೆ ನಾನು ಎಷ್ಟು ದಿನ ಕಾದಿದ್ದೆ ಎಂದು ಅವನಿಗೇನು ಗೊತ್ತು. ಎದ್ದು ಅವನ ಕೈ ಹಿಡಿಯಬೇಕು ಎನ್ನುವಷ್ಟರಲ್ಲಿ ಅವನು ಮಾತು ಮುಂದುವರಿಸಿದ.

"ಒಂದಾ ಒಂದು ಮಾತು ಅಂದ್ಲು ಅವ್ವ. ಮನಿಗೆ ಬರೋ ಹುಡುಗಿ ಊರ ಹುಡುಗ್ರ ಜೋಡಿ ಡೇರಿಯೊಳಗ ಮಲಗಿ ಬಂದ್ಲು ಅಂತ ನಾಕು ಮಂದಿ ಅನ್ಬಾರ್ದಂತ. ಅದಕ್ಕ ಪಟ್ಟಿಯಿಂದ ನಿನ್ ಹೆಸ್ರು ತಗದೀನಿ. ಕೊಟ್ಟೂರಿನ ಒಬ್ಬ ಹುಡುಗಿ ಬರ್ತಾಳ. ಮದ್ವಿ ಆದ್ಮ್ಯಾಲೆ ನಾವಿಬ್ರಾ ಹೋಗೋಣ. ಆತಿಲ್ಲ?"

"ಯಾವಾಗ ತಗದ್ರಿ?"

"ಮೀಟಿಂಗ್‌ನಾಗ."

"ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ಲೇನು?"

"ನಿನಗ ಖುಷಿ ಆಗ್ತೈತಿ ಅಂದ್ಕಂಡೆ," ಎಂದ. ನಿಜವಾಗಿಯೂ ಹಾಗೆ ಅಂದುಕೊಂಡಿದ್ದ. ಅವನ ಮುಖ ನೋಡಿದರೆ ತಿಳಿಯುತ್ತಿತ್ತು.

"ಮೀಟಿಂಗ್‌ನಾಗ ಏನಂತ ಹೇಳಿ ತಗದ್ರಿ? ಮದ್ವಿ ಮಾತು ಹೇಳಿದ್ರೇನು?"

ಅವನು ಮೇಜಿನ ಮೇಲಿನ ಉಂಗುರ ತಿರುವತೊಡಗಿದ. "ಅದು ಹೆಂಗ್ ಹೇಳಾಕ ಬರ್ತೈತಿ ಎಲ್ರ ಮುಂದ? ಹುಣ್ಣಿಮಿ ಯಾರು ಹೇಳಿದ್ದು ಅಂತ ಎಲ್ರೂ ಬೈಯಾಕತ್ತಿದ್ರು. ಆಕಿನೇ ಹೇಳಿದ್ದು, ಹೊಳಿ ನೀರು ಗೊತ್ತು, ಸಮುದ್ರ ಗೊತ್ತಿಲ್ಲ, ಆಕೀನ್ನ ನಂಬ್ಕಂಡು ಹೋಗೋದು ಬ್ಯಾಡ ಅಂದೆ. ಬಾಯಿ ಮಾತು ರೋಜಾ, ಅಷ್ಟಾ."

ಅಂಗಡಿಯ ಹೊರಗೆ ಬಸ್ಸಿನ ಕಂಡಕ್ಟರ್ ಹಡಗಲಿ, ಹಡಗಲಿ ಎಂದು ಕೂಗುತ್ತಿದ್ದ. ಬರೀ ಸಮುದ್ರಕ್ಕೆ ಕರೆದೊಯ್ಯದಿದ್ದರೆ ಅಳುತ್ತಿದ್ದೆ, ಒಂದೆರಡು ದಿನ ಮುನಿಸಿಕೊಳ್ಳುತ್ತಿದ್ದೆ, ಪ್ರೀತಿ ಇತ್ತಲ್ಲ, ನುಂಗಿಕೊಳ್ಳುತ್ತಿದ್ದೆ. ಆದರೆ ನೀರು ನನ್ನದು. ಅದೊಂದೇ ನನ್ನದು. ಅದು ಗೊತ್ತಿಲ್ಲದವಳು ಎಂದು ಇವನು ಊರಿಗೆಲ್ಲಾ ಹೇಳಿ, ಅದೇ ಬಾಯಲ್ಲಿ ಮದುವೆಯಾಗುತ್ತೇನೆ ಎನ್ನುತ್ತಿದ್ದಾನೆ.

"ನಾಳಿ ಬೆಳಿಗ್ಗೆ ಟೆಂಪೋ ಹತ್ರ ಬರ್ತೀನಿ," ಎಂದೆ. "ಸಮುದ್ರಕ್ಕ ಕರ್ಕಂಡ್ ಹೋಗ್ರಿ ಅನ್ನಂಗಿಲ್ಲ. ಹುಣ್ಣಿಮಿ ಆರಿಸಿದಾವ ನಾನು ಅಂತ ಎಲ್ರ ಮುಂದ ಹೇಳ್ರಿ. ಹೇಳಿದ್ರ ನಿಮ್ಮ ಮನಿಗೆ ಬರ್ತೀನಿ."

"ಇಷ್ಟಕ್ಕಾ?"

"ಹ್ಞೂಂ, ಇಷ್ಟಕ್ಕಾ."

ನಾನಿಲ್ಲ ಎಂದರೆ ಶಬ್ನಮ್ ಕೂಡ ಹೋಗುವಂತಿಲ್ಲ. ಅವತ್ತು ಸಂಜೆ ನಾನೇ ಹೈದರಸಾಬರ ಮುಂದೆ ಕೂತು, "ಚಾಚಾ, ಆಕಿಗೆ ಹೊಳ್ಯಾಗ ನಾನಾ ಕಲಿಸೀನಿ, ಏನೂ ಆಗಂಗಿಲ್ಲ, ಕಳಸ್ರಿ," ಎಂದು ಬೇಡಿಕೊಂಡೆ. ಸಾಬರು ನನ್ನ ಮುಖ ನೋಡಿ, ಯಾಕೆ ಏನು ಎಂದು ಕೇಳದೆ ಒಪ್ಪಿದರು.

ಬೆಳಿಗ್ಗೆ ಟೆಂಪೋ ಬಸ್‌ಸ್ಟ್ಯಾಂಡ್ ಮುಂದೆ ನಿಂತಿತ್ತು. ಆರು ಡೇರೆಯ ಗಂಟುಗಳನ್ನು ಒಂದೊಂದಾಗಿ ನಾನೇ ಎತ್ತಿಕೊಟ್ಟೆ. ಹುಡುಗರೆಲ್ಲಾ ಹತ್ತಿ ಕೂತಿದ್ದರು. ಮೇಲಿನಿಂದ ಒಬ್ಬ, "ರೋಜಕ್ಕ, ನಿನ್ ಹುಣ್ಣಿಮಿ ನಂಬಿದ್ರ ಇಷ್ಟೊತ್ತಿಗೆ ಮೀನಿನ ಬಾಯಾಗ ಇರ್ತಿದ್ವಿ!" ಎಂದ. ಎಲ್ಲರೂ ನಕ್ಕರು. ಅವನು ಕೆಟ್ಟವನಲ್ಲ, ಕೇಳಿದ್ದನ್ನು ಹೇಳಿದ ಅಷ್ಟೆ.

ನಾನು ಗುರುವನ್ನು ನೋಡಿದೆ. ಅವನು ಬಾಗಿಲ ಹತ್ತಿರ ಪಟ್ಟಿ ಹಿಡಿದು ನಿಂತಿದ್ದ. ಅವನೂ ನನ್ನನ್ನು ನೋಡಿದ. ಆ ಕಂದು ಕಣ್ಣಿನಲ್ಲಿ ಪ್ರೀತಿ ಇತ್ತು, ನಾಚಿಕೆ ಇತ್ತು, ದಯವಿಟ್ಟು ಈಗ ಬೇಡ ಎನ್ನುವುದೂ ಇತ್ತು. ತುಟಿ ಒಂದಿಷ್ಟು ಬಿಚ್ಚಿತು. ಅವನು ಪಟ್ಟಿಯ ಕಡೆ ತಲೆ ಬಗ್ಗಿಸಿ, "ಎಲ್ರೂ ಬಂದ್ರಲ್ಲ? ಹೊಂಡ್ರಿ," ಎಂದ.

ಅವರು ಬರುವವರೆಗೆ ನಾನು ಎಂಟು ತಾಡಪತ್ರಿ ಹೊಲಿದೆ. ಎರಡು ಸಲ ಸೂಜಿ ಬೆರಳಿಗೆ ಇಳಿಯಿತು.

ಶಬ್ನಮ್ ಮೊದಲು ಬಂದು ಎಲ್ಲ ಹೇಳಿದಳು. ಗಾಳಿಗೆ ಡೇರೆ ಒಂದೂ ಹಾರಲಿಲ್ಲವಂತೆ. ಮೊದಲ ದಿನ ಬೋಟಿನವರು ಬಂಡೆಯ ಮೇಲೆ ನೀರು ಬಿಟ್ಟುಹೋದ ಕಸದ ಗೆರೆ ತೋರಿಸಿ, ಹುಣ್ಣಿಮೆ ದಿನ ನೀರು ಇಲ್ಲಿಗೆ ಬಂದಿತ್ತು ಎಂದರಂತೆ. "ರೋಜಕ್ಕ, ನೀರು ಬಾಯಿಗೆ ಬಿದ್ರ ವಿಷ ಕುಡದಂಗ ಆಗ್ತೈತಿ," ಎಂದು ಮುಖ ಕಿವುಚಿದಳು. ಆಮೇಲೆ ಕೊನೆಯ ಸಂಜೆ ಆದದ್ದನ್ನೂ ಹೇಳಿದಳು.

ಮರುದಿನ ಅವನು ಬಂದ. ಬಿಸಿಲಿಗೆ ಕಪ್ಪಾಗಿದ್ದ, ಮೂಗಿನ ಮೇಲೆ ಚರ್ಮ ಸುಲಿದಿತ್ತು. ಮುಟ್ಟಿ ನೋಡಬೇಕೆನ್ನಿಸಿತು. ಅವನು ಒಂದು ಸಣ್ಣ ಬಾಟಲಿಯನ್ನು ಮಿಷನ್ ಮೇಲೆ ಇಟ್ಟ.

"ಸಮುದ್ರದ ನೀರು. ನಿನಗ."

ನಾನು ಬಾಟಲಿಯನ್ನು ಬದಿಗೆ ಸರಿಸಿ ದಾರ ಕತ್ತರಿಸಿದೆ.

"ಹೇಳಿದೆ ರೋಜಾ. ಅಲ್ಲಿ, ಎಲ್ರ ಮುಂದ ಹೇಳಿದೆ. ಹುಣ್ಣಿಮಿ ಆರಿಸಿದಾವ ನಾನು, ಆಕಿ ಬ್ಯಾಡ ಅಂದಿದ್ಲು ಅಂತ. ಬೇಕಾರ ಶಬ್ನಮ್‌ನ ಕೇಳು."

"ಕೇಳೀನಿ. ಯಾವಾಗ ಹೇಳಿದ್ರಿ?"

"ಕಡೀ ದಿನ. ಬೋಟೆಲ್ಲಾ ದಂಡಿಗೆ ಹಚ್ಚಿದ್ಮ್ಯಾಲೆ."

"ಎಲ್ಲಾ ಮುಗಿದ್ಮ್ಯಾಲೆ."

"ಹೇಳಿದ್ನಲ್ಲ? ಅವ್ವ ಸೋಮಾರ ನಿಮ್ಮ ಮನಿಗೆ ಬರ್ತೀನಿ ಅಂತಾಳ."

"ಬರೋದು ಬ್ಯಾಡ ಅಂತ ಹೇಳ್ರಿ."

ಅವನ ಕಿವಿ ಕೆಂಪಗಾದವು. ಈ ಸಲ ನೋಡಲು ಆಗಲಿಲ್ಲ.

"ನೀವು ಒಳ್ಳೇರು ಸರ್," ಎಂದೆ. "ಆದ್ರ ನಾ ಇಲ್ಲದ ಕಡಿ ಒಳ್ಳೇರು. ನಾ ಇರೋ ಕಡಿ ನಿಮ್ಮ ಬಾಯಿ ಏಳಂಗಿಲ್ಲ. ನಿಮ್ಮ ಮನಿಯಾಗ ದಿನಾ ನಾ ಇರ್ತೀನಿ. ಹೆಂಗ್ ಮಾಡೋಣು?"

ಅವನು ಮೇಜಿನ ಮೇಲಿನ ಉಂಗುರ ಎತ್ತಿ ಮತ್ತೆ ಅಲ್ಲೇ ಇಟ್ಟ. ಇನ್ನೊಂದು ಮಾತಾಡಿದ್ದರೆ ನಾನು ಎದ್ದು ಹೋಗಿ ಅವನ ಎದೆಗೆ ಒರಗುತ್ತಿದ್ದೆನೋ ಏನೋ. ಅವನು ಆಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡ್ ಕಡೆ ಹೋದ.

ಸೂಜಿ ಡಬ್ಬಿಯಿಂದ ಅವನ ಅಳತೆಯ ಚೀಟಿ ತೆಗೆದು ಹರಿದು ಹಾಕಿದೆ. ಆಮೇಲೆ ಬಾಟಲಿಯ ಮುಚ್ಚಳ ಬಿಚ್ಚಿ, ಒಂದು ಹನಿ ನಾಲಗೆಯ ಮೇಲೆ ಇಟ್ಟುಕೊಂಡೆ. ಶಬ್ನಮ್ ಹೇಳಿದ್ದು ನಿಜ, ವಿಷದಂಥ ಉಪ್ಪು. ನಮ್ಮಜ್ಜನಿಗೂ ಸಿಗದ ಸಮುದ್ರ ನನಗೆ ಅಷ್ಟೇ ಸಿಕ್ಕಿತು, ಅದನ್ನೂ ಉಗುಳಬೇಕಾಯಿತು.