ಯಾರ ಗೇಣು?

ಬಿಜಾಪುರದ ಸ್ಟೇಷನ್ ರಸ್ತೆಯಲ್ಲಿ ಸಕ್ರವ್ವ ಹೊಲಿಗೆ ಮಷಿನ್ ಇಟ್ಟು ಮೂರು ವರ್ಷವಾಗಿತ್ತು. ಆಕೆಯ ಅಳತೆ ತಪ್ಪಿದ್ದು ಒಮ್ಮೆಯೇ. ಅದೂ ಗಿರಾಕಿಯ ಮುಖ ನೋಡುತ್ತ ಕೂತದ್ದಕ್ಕೆ.

ಗಿರಾಕಿ ತಿಕೋಟಾದ ರಾಮಲಿಂಗ. ಅವರೂರ ಗರಡಿಯ ತಾಲೀಮಿನವರು ಎರಡು ತಂಡವಾಗಿ ಕತ್ತಿಯಾಟ ಆಡುತ್ತಿದ್ದರು. ಹೋದ ವರ್ಷ ಕಟ್ಟಿಗೆಯ ಕತ್ತಿ ಒಬ್ಬನ ತಲೆ ಒಡೆದಿತ್ತು. ಅದಕ್ಕೇ ಈ ಸಲ ಬೆತ್ತಕ್ಕೆ ಸ್ಪಂಜು ಸುತ್ತಿದ ಕತ್ತಿ. ಬರಿಯ ಸ್ಪಂಜು ನಾಲ್ಕು ಏಟಿಗೆ ಹರಿಯುತ್ತದೆ, ಮೇಲೆ ಬಟ್ಟೆಯ ಗವಸಣಿಗೆ ಬೇಕು.

"ಹನ್ನೆರಡು ಗವಸಣಿಗಿ, ಐದೈದು ಗೇಣ ಉದ್ದ," ಎಂದು ನಕ್ಕು ಹೋದ. ಕೊರಳಲ್ಲಿ ಟೇಪು ನೇತಾಡುತ್ತಿದ್ದರೂ ಸಕ್ರವ್ವ ಆ ನಗೆಯ ಗುಂಗಿನಲ್ಲಿ ಕೈಯಿಂದಲೇ ಅಳೆದು ಕತ್ತರಿಸಿಬಿಟ್ಟಳು.

ವಾರದ ಮೇಲೆ ರಾಮಲಿಂಗ ಕತ್ತಿ ತಂದು ಗವಸಣಿಗೆ ತೊಡಿಸಿ ನೋಡಿದರೆ, ಕತ್ತಿ ಗಿಡ್ಡ ಅಂಗಿ ತೊಟ್ಟ ಪೈಲ್ವಾನ!

"ಐದ ಗೇಣ ಅಂದಿದ್ನೆಲ್ರಿ?"

"ಐದ ಗೇಣಿಗೇ ಹೊಲದೀನ್ರಿ."

"ಯಾರ ಗೇಣಿಲೆ?"

"ನನ್ನ ಗೇಣಿಲೆ. ಹೊಲದಾಕಿ ನಾ ಅಲ್ಲೇನ್ರಿ?"

ಅವನು ಮೇಜಿನ ಮೇಲೆ ಗೇಣು ಅಗಲಿಸಿಟ್ಟ. ಅವಳೂ ಪಕ್ಕದಲ್ಲಿಟ್ಟಳು. ಅವಳದು ಎರಡಂಗುಲ ಸಾಲದಾಯಿತು. ಸರಿಯಾಗಿ ನೋಡೋಣವೆಂದು ಇಬ್ಬರೂ ಕೈ ಸರಿಸಿದರು, ಕಿರುಬೆರಳು ತಾಗಿದವು.

"ಜೋಡಣಿ ಹಾಕಿ ಕೊಡ್ತೇನ್ರಿ. ಶನಿವಾರ ಒಯ್ರಿ," ಎಂದಳು, ಅವನನ್ನು ನೋಡದೆ. "ಐತ್ವಾರ ಅಂಗಡಿ ಇರೂದಿಲ್ಲ. ಬಬಲೇಶ್ವರದವರು ನನ್ನ ನೋಡಾಕ ಬರ್ತಾರ."

ಅವನು ಕೈ ಹಿಂದಕ್ಕೆ ತೆಗೆದುಕೊಂಡ. "ಛಲೋ ಆತ್ ಬಿಡ್ರಿ."

ಛಲೋ ಅಂತೆ! ಕತ್ತಿ ಹಿಡಿಯುವ ಗಂಡಸಿಗೆ ಬಾಯಿ ಬರಬಾರದೇ? ಅವಳಿಗೆ ಬೇಕಾಗಿದ್ದವನು ಇವನೇ, ಬಬಲೇಶ್ವರದವನಲ್ಲ. ಹನ್ನೆರಡಕ್ಕೂ ಕೆಂಪು ತುಂಡು ಜೋಡಿಸುವಾಗ ಎರಡು ಸಲ ಸೂಜಿ ಮುರಿಯಿತು.

ಶನಿವಾರ ಗವಸಣಿಗೆ ಸರಿಹೋದವು. ರಾಮಲಿಂಗ ಮಾತ್ರ ಹೋಗಲಿಲ್ಲ. ಕಂಕುಳಿನಿಂದ ಗುಳೇದಗುಡ್ಡದ ರವಿಕೆ ಖಣ ತೆಗೆದು ಮೇಜಿನ ಮೇಲಿಟ್ಟ.

"ಇದರಾಗ ಒಂದ ಕುಬಸ ಹೊಲೀಬೇಕ್ರಿ."

ಸಕ್ರವ್ವ ಖಣವನ್ನು ಮುಟ್ಟಲಿಲ್ಲ. "ಯಾರ ಅಳತಿಗಿ?"

"ನಮ್ಮವ್ವ ಕೊಟ್ಟಾಳ. ಸೊಸಿ ಆಗಾಕಿಗಿ ಅಂತ." ಕಿವಿಯವರೆಗೂ ಕೆಂಪಾಗಿದ್ದ. "ಈ ಸಲ ನಿಮ್ಮ ಗೇಣಿಲೇ ಅಳೀರಿ."

"ನಾಳೆ ಬಬಲೇಶ್ವರದವರು..."

"ಅವರ ಬಸ್ ಬರೂ ಮೊದಲ ನಮ್ಮವ್ವ ನಿಮ್ಮ ಮನ್ಯಾಗಿರ್ತಾಳ."

ಅವಳು ಟೇಪು ತೆಗೆದು ಬದಿಗಿಟ್ಟು, ಖಣದ ಮೇಲೆ ಗೇಣು ಹಾಕಿದಳು. ಅವನೂ ಪಕ್ಕದಲ್ಲಿ ಕೈಯಿಟ್ಟ.

"ಈ ಸಲ ಹಿಂದಕ್ಕ ತಗೀಬ್ಯಾಡ್ರಿ," ಎಂದಳು.