ಅಜ್ಜಿಯ ಅಳತೆಯ ಟೇಬಲ್

"ಅಮ್ಮಾ, ಮತ್ತೆ ಬಗ್ಗಿದ್ದೀಯಾ." ಚೂಟಿ ಸ್ಕೂಲ್ ಬ್ಯಾಗ್ ಇಳಿಸುವ ಮೊದಲೇ ಗದರಿದಳು. "ಬೆನ್ನು ನೆಟ್ಟಗೆ ಇಟ್ಕೋ ಅಂದ್ರೆ ಕೇಳೋದೇ ಇಲ್ವಲ್ಲ."

ಇಸ್ತ್ರಿ ಅಂಗಡಿಯಲ್ಲಿದ್ದ ಅಮ್ಮ ನೆಟ್ಟಗಾಗಲು ಹೋಗಿ, "ಅಯ್ಯಪ್ಪಾ" ಎಂದು ಸೊಂಟ ಹಿಡಿದುಕೊಂಡಳು. ಹೀಗೇ ಬಗ್ಗಿ ನಿಂತರೆ ಕೆಲಸವನ್ನೇ ಬಿಡಬೇಕಾದೀತು ಎಂದು ಡಾಕ್ಟರು ನಿನ್ನೆ ತಾನೇ ಹೇಳಿದ್ದರು. ಅಂಗಡಿ ಬಿಟ್ಟು ಅಮ್ಮ ಇರುವುದುಂಟೇ? ಗಿರಾಕಿಗಳ ಜೊತೆ ಹರಟದಿದ್ದರೆ ಅವಳಿಗೆ ಊಟವೇ ಸೇರದು. ಚೂಟಿಗೆ ಅದೇ ಭಯ.

"ನೆಟ್ಟಗೆ ನಿಂತ್ರೆ ಬಟ್ಟೆಗೆ ಕೈ ಎಟುಕಬೇಕಲ್ಲೇ. ಟೇಬಲ್ ಇರೋದೇ ಇಷ್ಟೆತ್ತರ," ಎಂದು ನಕ್ಕು, ಅಮ್ಮ ಬಟ್ಟೆ ಗಂಟು ಹೊತ್ತು ಗಿರಾಕಿಗಳ ಮನೆಗೆ ಹೊರಟಳು.

ಹೌದಲ್ಲ! ಚೂಟಿ ಇಷ್ಟು ದಿನ ಅಮ್ಮನನ್ನು ಬೈದದ್ದೇ ಬಂತು. ಟೇಬಲ್ ಕಡೆ ಕಣ್ಣೇ ಹಾಯಿಸಿರಲಿಲ್ಲ. ಕೂಡಲೇ ಪಕ್ಕದ ಪಂಕ್ಚರ್ ಅಂಗಡಿಯ ಮಾಮನನ್ನು ಎಳೆದು ತಂದಳು. ಮಾಮ ಟೇಬಲ್ ಎತ್ತಿ ಹಿಡಿದರು, ಚೂಟಿ ಒಂದೊಂದು ಕಾಲಿನ ಕೆಳಗೂ ಇಟ್ಟಿಗೆ ಇಟ್ಟಳು.

ಅಮ್ಮ ವಾಪಸ್ ಬಂದು ಒಂದು ಶರ್ಟಿಗೆ ಇಸ್ತ್ರಿ ಹಾಕಿದಳು. ಬೆನ್ನು ನೆಟ್ಟಗಿತ್ತು. ಎರಡನೇ ಶರ್ಟಿಗೆ ಹಾಡು ಗುನುಗತೊಡಗಿದಳು. ಚೂಟಿ ತಾನೇ ದೊಡ್ಡ ಎಂಜಿನಿಯರ್ ಎಂಬಂತೆ ಬೀಗಿದಳು.

ಅಷ್ಟರಲ್ಲಿ ಅಜ್ಜಿ ಬಂದರು. ಸಂಜೆಯಾದ ಮೇಲೆ ಅಂಗಡಿ ಅಜ್ಜಿಯದು. ಅವರೋ ಚೂಟಿಯಷ್ಟೇ ಎತ್ತರ. ಇಸ್ತ್ರಿಪೆಟ್ಟಿಗೆ ಹಿಡಿದರೆ ಭುಜ ಕಿವಿಯವರೆಗೂ ಏರಿತು.

"ಇದೇನೇ, ಒಂದೇ ದಿನದಲ್ಲಿ ಟೇಬಲ್ ಬೆಳೆದುಬಿಟ್ಟಿದೆ?"

ಅಮ್ಮ ಗಾಬರಿಯಾದಳು. "ಚೂಟಿ, ಇಟ್ಟಿಗೆ ತೆಗಿ. ಅತ್ತೆಗೆ ಕಷ್ಟ ಆಗತ್ತೆ. ನಂಗೆ ಬಗ್ಗಿ ಅಭ್ಯಾಸ ಇದೆ."

ಅಜ್ಜಿ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟರು. "ಅಂದ್ರೆ ಇಷ್ಟು ವರ್ಷ ನನ್ನ ಅಳತೆಗೆ ನೀನು ಬಗ್ತಾ ಇದ್ಯಾ? ಬಾಯಿಗೇನು ಬೀಗ ಹಾಕಿತ್ತಾ?"

"ಹೇಳಿದ್ರೆ ನೀವು ಅಂಗಡಿಗೆ ಬರೋದೇ ಬಿಡ್ತಿದ್ರಿ, ಅತ್ತೆ," ಎಂದಳು ಅಮ್ಮ ಮೆಲ್ಲಗೆ.

ಅಜ್ಜಿ ಸೊಸೆಯ ತಲೆಗೆ ಹಗುರಾಗಿ ಮೊಟಕಿದರು. "ಪೆದ್ದಿ. ಚೂಟಿ, ಮಾಮನ ಹತ್ರ ದಪ್ಪ ಹಲಗೆ ಇದ್ರೆ ಇಸ್ಕೊಂಡು ಬಾ. ನಾನೇ ಮೇಲೆ ಹತ್ತಿ ನಿಂತ್ಕೊಳ್ತೀನಿ."

ಮಾಮ ಅಗಲವಾದ ಹಲಗೆ ತಂದು, ಅಲುಗಾಡದಂತೆ ಹಾಕಿದರು. ಅಜ್ಜಿ ಹತ್ತಿ ನಿಂತು ರಸ್ತೆಯ ಆ ತುದಿಯವರೆಗೂ ನೋಡಿದರು.

"ಓಹೋ, ಇನ್ನು ಒಬ್ಬ ಗಿರಾಕೀನೂ ನನ್ನ ಕಣ್ಣು ತಪ್ಪಿಸೋ ಹಾಗಿಲ್ಲ."

ಮಾಮನೂ ಸೇರಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗುತ್ತಿದ್ದ ಚೂಟಿಗೆ, ಎಷ್ಟು ಗದರಿದರೂ ಅಮ್ಮ ಯಾಕೆ ಬಗ್ಗಿಯೇ ನಿಲ್ಲುತ್ತಿದ್ದಳು ಎಂಬುದು ಈಗ ಹೊಳೆಯಿತು. ಅವಳು ಸದ್ದಿಲ್ಲದೆ ಹೋಗಿ ಅಮ್ಮನ ಸೊಂಟ ಒತ್ತತೊಡಗಿದಳು.

"ಇಲ್ಲಿ ನೋಯತ್ತಾ?"

ಏನಿಲ್ಲ ಬಿಡು ಎನ್ನಲು ಹೊರಟ ಅಮ್ಮ, ಹಲಗೆಯ ಮೇಲಿದ್ದ ಅತ್ತೆಯ ಮುಖ ನೋಡಿದಳು.

"ಹೂಂ ಕಣೇ," ಎಂದಳು. "ಇನ್ನೂ ಸ್ವಲ್ಪ ಕೆಳಗೆ."